ಮೈದುನನಿಗೆ ಕೊಟ್ಟ ಕಾರು

ಅಫ್ಶಾನ್ ಹೆಬ್ಬೆರಳಿನ ಉಗುರನ್ನು ನೆಲಕ್ಕೆ ಒತ್ತಿ ಎಳೆದಳು. ಕಾರು ಷೆಡ್ಡಿನ ಕೆಂಪು ಬಣ್ಣ ಬೆಂದ ಗೆಣಸಿನ ಸಿಪ್ಪೆಯಂತೆ ಸುಲಿದು ಬಂತು.

ಒಂದು ಮೊಳ ಆಚೆ ಅದೇ ಬಣ್ಣ ಕಲ್ಲಿನಷ್ಟು ಗಟ್ಟಿಯಾಗಿತ್ತು. ಸುಲಿದು ಬಂದದ್ದು ಅಂಗೈಯಗಲದ ಜಾಗ ಮಾತ್ರ. ಕಾರಿನ ಮುಂದಿನ ಎಡಚಕ್ರ ನಿಲ್ಲುತ್ತಿದ್ದ ಜಾಗ.

ಎಂಜಿನ್ ಆಯಿಲ್ ಸೋರಿದರೆ ನೆಲ ಕಪ್ಪಾಗುತ್ತದೆ, ಬಣ್ಣ ಏಳುವುದಿಲ್ಲ. ಬಣ್ಣವನ್ನು ತಿನ್ನುವುದು ಬ್ರೇಕ್ ಆಯಿಲ್. ಸಕಲೇಶಪುರದಲ್ಲಿ ಲಾರಿಗಳ ನಡುವೆಯೇ ಆಡಿ ಬೆಳೆದ ನಸ್ರುಲ್ಲಾ ಸಾಹೇಬರ ಮಗಳಿಗೆ, ಈಗ ವಿಮಾ ಕಂಪನಿಯ ತನಿಖೆಗಾರ್ತಿಯಾಗಿರುವವಳಿಗೆ, ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡು ವರ್ಷದ ಹಿಂದೆ, ಹೊಂಗಡಹಳ್ಳದ ಈ ಕಾಫಿ ತೋಟದ ಯಜಮಾನ ನಾಗಭೂಷಣ ತನ್ನದೇ ಕಾರು ಇಳಿಜಾರಿನಲ್ಲಿ ಉರುಳಿಬಂದು ಅದರಡಿ ಸಿಕ್ಕಿ ಸತ್ತಿದ್ದ. ಅಪಘಾತವೆಂದು ಎಲ್ಲರೂ ನಂಬಿದ್ದರು. ಈಗ ಆತನ ವಿಧವೆ ಪಂಕಜಾಕ್ಷಿ ಅದೇ ಕಾರನ್ನು ಗಂಡನ ಹೆಸರಿನಿಂದ ತನ್ನ ಹೆಸರಿಗೂ, ತನ್ನ ಹೆಸರಿನಿಂದ ಮಗ್ಗೆಯಲ್ಲಿರುವ ಮೈದುನ ಶಾಂತಮಲ್ಲಪ್ಪನ ಹೆಸರಿಗೂ ದಾಟಿಸಿದ್ದಳು. ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ವಿಮೆಯನ್ನೂ ಕೂಡಲೇ ಮೈದುನನ ಹೆಸರಿಗೆ ಬದಲಿಸಬೇಕೆಂದು ಆಕೆ ಪಟ್ಟು ಹಿಡಿದಳು. ಆ ಅವಸರವೇ ಅಫ್ಶಾನಳನ್ನು ಇಲ್ಲಿಗೆ ಎಳೆದು ತಂದಿತ್ತು.

ಆಕೆ ಕೂತಲ್ಲಿಂದಲೇ ಶಾಂತಮಲ್ಲಪ್ಪನಿಗೆ ಫೋನು ಮಾಡಿದಳು. ಅದು ರಿಂಗಣಿಸಿ ರಿಂಗಣಿಸಿ ನಿಂತಿತು. ಲಿಂಗಪೂಜೆಗೆ ಕೂತರೆ ಆತ ಏಳುವವರೆಗೂ ಫೋನು ಮುಟ್ಟುವವನಲ್ಲ; ಅದು ಸುತ್ತಿನವರಿಗೆಲ್ಲ ತಿಳಿದ ಸಂಗತಿ. ‘ಕಾರು ತೆಗೆಯಬೇಡಿ, ನನಗೆ ಫೋನು ಮಾಡಿ’ ಎಂದು ಒಂದು ಸಂದೇಶ ಕಳಿಸಿ ಎದ್ದಳು.

“ಏನವ್ವ, ಬೆಳಿಗ್ಗೇನೇ ನೆಲ ಕೆರೀತಾ ಕುಂತಿದ್ದೀಯ? ನಿಧಿ ಗಿಧಿ ಐತಾ?”

ಕಣದಲ್ಲಿ ಕಾಫಿ ಹರವುತ್ತಿದ್ದ ನಂಜಮ್ಮ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುಂಬ ಹಣ್ಣುಕಾಫಿಯ ಕಲೆ.

“ಇತ್ತು ನಂಜಮ್ಮ. ಸಿಕ್ತು. ಕಾರನ್ನ ಮಗ್ಗೆಗೆ ಕಳಿಸಿದ ದಿನ ನೀನು ಇಲ್ಲೇ ಇದ್ದೆಯಾ?”

“ಇಲ್ದೆ ಎಲ್ಲಿಗೋಗ್ಲಿ? ಸಣ್ಣ ಸಾವ್ಕಾರ್ರು ಬಂದು, ಅಣ್ಣನ ಕಾರು ಮುಟ್ಟಿ ಮುಟ್ಟಿ ಕಣ್ಣೀರ್ ಹಾಕ್ಕಂಡ್ರು. ಅಮ್ಮಾವ್ರು ಬೀಗದ ಕೈ ಕೊಟ್ಟು ಒಳಕ್ಕೋಗ್ಬುಟ್ರು. ಚಕ್ರಕ್ಕೆ ಒಂದು ನಿಂಬೆಹಣ್ಣು ಮಡಗ್ಲಿಲ್ಲ ಕಣವ್ವ!”

“ಮರೆತಿರಬಹುದು.”

“ಮರೆಯೋದಾ? ಔಷ್ದಿ ಹೊಡಿಯೋ ಮಿಷಿನ್ ತಂದ್ರೂ ನಿಂಬೆಹಣ್ಣು ಕುಯ್ಯೋ ಮನೆ ಇದು. ನಾನೇ ಗಿಡದಿಂದ ಕಿತ್ಕಂಡ್ ಬಂದು ಕೈಗೆ ಕೊಟ್ಟೆ. ‘ಬ್ಯಾಡ, ತಗಂಡೋಗು’ ಅಂದ್ಬುಟ್ರು. ಆಮ್ಯಾಕೆ ನಾನು ಉಪ್ಪಿನಕಾಯಿಗೆ ಹಾಕ್ಕಂಡೆ, ಬುಡು.”

ಅಫ್ಶಾನ್ ನಗಲಿಲ್ಲ. “ನಂಜಮ್ಮ, ಸಾಹುಕಾರರು ಹೋದ ದಿನ ನೀನು ಕಾಫಿ ಹಣ್ಣು ಸುಲಿಯೋ ಪಲ್ಪರ್ ಮನೆಯಲ್ಲಿದ್ದೆ. ಏನೋ ಕೇಳಿಸಿತು ಅಂತ ಕೂಲಿ ಲೈನಿನ ಹೆಂಗಸರು ಆಡಿಕೊಳ್ತಾರೆ. ಏನು ಕೇಳಿಸಿತು?”

ನಂಜಮ್ಮ ಮನೆಯ ಕಡೆ ಒಮ್ಮೆ ನೋಡಿದಳು.

“ಅಮ್ಮಾವ್ರಿಗೆ ಬಿಟ್ರೆ ಯಾರ್ಗೂ ಹೇಳಿಲ್ಲ. ಯಾರ್ಗೂ ಹೇಳ್ಬ್ಯಾಡ ಅಂದವ್ರೆ.”

“ಈಗ ಹೇಳದಿದ್ರೆ ಇನ್ನೊಂದು ಜೀವ ಹೋಗತ್ತೆ.”

“ಶಿವನೇ! ಹಂಗನ್ಬ್ಯಾಡ.” ನಂಜಮ್ಮ ದನಿ ತಗ್ಗಿಸಿದಳು. “ಮಿಷಿನ್ ಓಡ್ತಿತ್ತು. ಮ್ಯಾಲಿಂದ ಯಾರೋ ‘ಚಿಕ್ಕಪ್ಪಾ, ಬ್ಯಾಡಾ!’ ಅಂತ ಕಿರುಚ್ಕಂಡ್ರು. ಹಿಂದೇನೇ ಕಾರು ಉಳ್ಳಿದ ಸದ್ದು. ಓಡ್ಬಂದು ನೋಡೋವಷ್ಟ್ರಲ್ಲಿ ಸಾವ್ಕಾರ್ರು ಒಬ್ರೇ ಬಿದ್ದಿದ್ರು.”

“ಕಿರುಚಿದ್ದು ಗಂಡಸೋ, ಹೆಂಗಸೋ?”

“ಪಲ್ಪರ್ ಗದ್ದಲದಾಗೆ ನನ್ನ ಕೆಮ್ಮೇ ನಂಗ್ ಕೇಳ್ತಿರ್ಲಿಲ್ಲ ಕಣವ್ವ. ಅದೆಂಗ್ ಹೇಳ್ಲಿ?”

ಚಿಕ್ಕಪ್ಪ. ಶಾಂತಮಲ್ಲಪ್ಪನನ್ನು ಅಣ್ಣನ ಮಗಳು ಮಾತ್ರವಲ್ಲ, ಮಗ್ಗೆಯ ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಹಾಲಿನ ಡೇರಿಯ ಹುಡುಗರಿಂದ ಹಿಡಿದು ಪಂಚಾಯ್ತಿಯ ಮುದುಕರವರೆಗೆ ಆತ ಎಲ್ಲರಿಗೂ ಚಿಕ್ಕಪ್ಪನೇ. ಆ ಒಂದು ಕೂಗಿನ ಸಂಗತಿ ತಿಳಿದ ವಿಧವೆಯ ಮನಸ್ಸು ಯಾವ ದಾರಿ ಹಿಡಿದಿರಬಹುದೆಂಬುದು ಅಫ್ಶಾನಳಿಗೆ ಥಟ್ಟನೆ ಹೊಳೆಯಿತು.

ಆಕೆ ಜಗಲಿಯ ಕಡೆಗೆ ನಡೆದಳು, ನಡೆದಳೆನ್ನುವುದಕ್ಕಿಂತ ಓಡಿದಳು.

*

ಪಂಕಜಾಕ್ಷಿ ಜಗಲಿಯ ಮೇಲೆ ಮೊರವನ್ನಿಟ್ಟುಕೊಂಡು ಹಸಿಮೆಣಸಿನ ಗೊಂಚಲುಗಳಿಂದ ಕಾಳು ಬಿಡಿಸುತ್ತಿದ್ದಳು. ಐವತ್ತು ದಾಟಿದ ಹೆಂಗಸು, ನೆಟ್ಟಗಿನ ಬೆನ್ನು, ಹಣೆಯ ಮೇಲೆ ವಿಭೂತಿ. ತಲೆಯೆತ್ತದೆಯೇ ಮಾತಾಡಿದಳು.

“ಬಾ ಅಫ್ಶಾನ್. ನಿಮ್ಮ ಕಂಪನಿಯವರ ತಪಾಸಣೆ ಮುಗೀತಾ? ಇಲ್ಲದ ಕಾರಿಗೆ ಖಾಲಿ ಷೆಡ್ಡಲ್ಲಿ ಏನು ಹುಡುಕ್ತೀಯೋ ನನಗಂತೂ ಗೊತ್ತಿಲ್ಲ.”

“ಸಿಕ್ಕಿತಮ್ಮ. ಎಡಚಕ್ರದ ಕೆಳಗೆ ನೆಲದ ಬಣ್ಣ ಎದ್ದಿದೆ. ಯಾರೋ ಬ್ರೇಕಿನ ಪೈಪು ಸಡಿಲ ಮಾಡಿದಾರೆ. ಕಾರು ಮಗ್ಗೆಗೆ ಹೋಗೋ ಮುಂಚೆ, ಇಲ್ಲೇ.”

ಬೆರಳುಗಳು ನಿಲ್ಲಲಿಲ್ಲ. ಕಾಳುಗಳು ಒಂದೊಂದಾಗಿ ಮೊರಕ್ಕೆ ಬೀಳುತ್ತಲೇ ಇದ್ದವು.

“ಹಳೇ ಕಾರು. ಸೋರಿರಬೇಕು.”

“ಹಾಗಾದ್ರೆ ನಿಂಬೆಹಣ್ಣು ಯಾಕೆ ಇಡಲಿಲ್ಲ?”

ಈಗ ಪಂಕಜಾಕ್ಷಿ ತಲೆಯೆತ್ತಿದಳು. ಆ ಕಣ್ಣುಗಳಲ್ಲಿ ಭಯವಿರಲಿಲ್ಲ. ಬಹುಕಾಲ ಬಾಯಿ ಮುಚ್ಚಿಕೊಂಡಿದ್ದವರಿಗೆ ಕೊನೆಗೂ ಕೇಳುವವರೊಬ್ಬರು ಸಿಕ್ಕಾಗ ಬರುವ ಒಂದು ಬಗೆಯ ನೆಮ್ಮದಿಯಿತ್ತು.

“ನಂಜಿ ಹೇಳಿದ್ಲಾ? ಬಾಯಿಗೆ ಬೀಗ ಹಾಕೋಕೆ ಬರಲ್ಲ ಅವಳಿಗೆ.” ಆಕೆ ಮೊರವನ್ನು ಪಕ್ಕಕ್ಕೆ ಸರಿಸಿದಳು. “ನಿಂಬೆಹಣ್ಣು ಇಡೋದು ಗಾಡಿಗೆ ಕೇಡು ತಟ್ಟದೇ ಇರ್ಲಿ ಅಂತ. ನನಗೆ ಕೇಡೇ ಬೇಕಾಗಿತ್ತು. ಮನುಷ್ಯರಿಗೆ ಸುಳ್ಳು ಹೇಳ್ಬೋದು, ಎರಡು ವರ್ಷ ಹೇಳಿದ್ದೀನಿ. ದೇವರ ಮುಂದೆ ಆ ನಾಟಕ ಬ್ಯಾಡ ಅನ್ನಿಸ್ತು.”

“ಅಂದ್ರೆ ಒಪ್ಕೊಳ್ತೀರಿ.”

“ಒಪ್ಕೊಳ್ಳೋದೇನು, ಹೆಮ್ಮೆಯಿಂದ ಹೇಳ್ತೀನಿ. ನನ್ನ ಗಂಡನ್ನ ಕೊಂದವನು ಶಾಂತಮಲ್ಲಪ್ಪ. ಒಡಹುಟ್ಟಿದ ತಮ್ಮ! ಅಣ್ಣನ ಹೆಣಕ್ಕೆ ಹೆಗಲು ಕೊಟ್ಟ, ಕಾರ್ಯದ ದಿನ ನನ್ನ ಮುಂದೆ ಎಲೆ ಹಾಕ್ಕಂಡು ಕುಂತ. ಆಮೇಲೂ ಬರ್ತಾನೇ ಇದ್ದ. ಪ್ರತಿ ಸಲ ನಾನೇ ಬಡಿಸಿದ್ದೀನಿ. ‘ಇನ್ನೊಂದು ಅಕ್ಕಿರೊಟ್ಟಿ ಹಾಕ್ಲಾ ಶಾಂತಮಲ್ಲಪ್ಪ?’ ಅಂತ ನಗ್ತಾ ಕೇಳಿದ್ದೀನಿ. ಆ ನಗು ಐತಲ್ಲ, ಅದು ಸುಮ್ನೆ ಬರಲ್ಲ ಕಣೇ. ಒಳಗಿಂದ ಒಂದೊಂದು ನರ ಕಿತ್ತು ಹೆಣೀಬೇಕು.”

“ವಿಷ ಹಾಕಬಹುದಿತ್ತಲ್ಲ?”

“ನನ್ನ ಒಲೆ ಮೈಲಿಗೆ ಆಗೋದು. ಬ್ಯಾರೆಯವರ ಕಾರಲ್ಲಿ ಸತ್ರೆ ಜನ ಹೆಂಗೆ, ಏನು ಅಂತ ಕೇಳ್ತಾರೆ. ಸ್ವಂತ ಕಾರಲ್ಲಿ ಸತ್ರೆ ಹಣೆಬರಹ ಅಂತಾರೆ. ಅದಕ್ಕೇ ಅವನ ಹೆಸರಿಗೆ ಮಾಡಿಸಿ, ಬೀಗದ ಕೈ ಅವನ ಅಂಗೈ ಮೇಲೇ ಇಟ್ಟೆ. ಯಾವ ಕಾರಿಂದ ನನ್ನ ಗಂಡನ್ನ ಕೊಂದ್ನೋ ಅದೇ ಕಾರು ಅವನನ್ನ ತಗಂಡೋಗ್ಲಿ.”

“ಪೈಪಿಗೆ ಕೈ ಹಾಕಿದವರು ಯಾರು? ನಿಮಗೆ ಆ ಕೆಲಸ ಬರಲ್ಲ.”

“ನಮ್ಮ ಪ್ರತಾಪ. ನನ್ನ ತಂಗಿ ಗಂಡ. ಆನೇಮಹಲ್‌ನಲ್ಲಿ ರಸ್ತೆ ಪಕ್ಕ ವರ್ಕ್‌ಶಾಪ್ ಇಟ್ಟವ್ನಲ್ಲ, ಅವನೇ. ಯಜಮಾನ್ರು ಹೋದ ಮೇಲೆ ಈ ತೋಟ ನಡೆಸ್ತಿರೋನೂ ಅವನೇ. ಗಂಡಸು ಅಂದ್ರೆ ಅವನು ಕಣೇ. ನನ್ನ ಉರಿ ಅರ್ಥ ಮಾಡ್ಕಂಡ. ‘ಊರೊಳಗೆ ಏನೂ ಆಗಲ್ಲ ಅಕ್ಕ. ಘಾಟಿ ಇಳಿಯೋವಾಗ ಮಾತ್ರ ಬ್ರೇಕು ಕೈಕೊಡ್ತದೆ’ ಅಂದ. ಹೆಸರು ಬದಲಾದ ಗಾಡಿ ಮೊದಲು ಸುಬ್ರಹ್ಮಣ್ಯನ ಮುಂದೆ ಪೂಜೆ ಆಗ್ಬೇಕು ಅಂತ ನಾನೇ ಹೇಳಿ ಕಳಿಸಿದ್ದೀನಿ. ಬಿಸಿಲೆ ಘಾಟಿ ಇಳಿದೇ ಹೋಗ್ಬೇಕು. ಇವತ್ತೇ ಹೊರಡ್ತಾನೆ.”

ಅಫ್ಶಾನ್ ಮತ್ತೆ ಶಾಂತಮಲ್ಲಪ್ಪನಿಗೆ ಫೋನು ಮಾಡಿದಳು, ಆತ ಎತ್ತಲಿಲ್ಲ.

“ಅಮ್ಮಾ, ನೀವು ಕೊಲ್ಲೋಕೆ ಹೊರಟಿರೋದು ನಿರಪರಾಧಿಯನ್ನ.”

“ಹೋಗೇ! ಅವತ್ತು ಎಲ್ಲಿದ್ದೆ ಅಂತ ಕೇಳಿದ್ರೆ ಆಲೂರಲ್ಲಿ ಸೊಸೈಟಿ ಮೀಟಿಂಗಲ್ಲಿದ್ದೆ ಅಂದ. ನಾನು ವಿಚಾರಿಸಿದೆ. ಅವತ್ತು ಮೀಟಿಂಗೇ ಇರ್ಲಿಲ್ಲ. ತಪ್ಪು ಮಾಡದೋನು ಯಾಕೆ ಸುಳ್ಳು ಹೇಳ್ತಾನೆ?”

“ಸುಳ್ಳು ಹೇಳಿದ್ದು ನಿಜ. ಅವತ್ತು ಅವರು ನಮ್ಮ ಮನೆ ಮದುವೇಲಿದ್ರು.”

“ಏನಂದೆ?”

“ನಮ್ಮಕ್ಕ ಆಯಿಷಾಳ ಮದುವೆ. ಅಪ್ಪನಿಗೂ ಅವರಿಗೂ ಹಳೇ ಸ್ನೇಹ. ಅವರೊಬ್ಬರಿಗಾಗಿ ಹಾಸನದಿಂದ ಲಿಂಗಾಯತ ಅಡುಗೆಯವರನ್ನ ಕರೆಸಿ, ಬೇರೆ ಒಲೆ ಹೂಡಿಸಿದ್ರು. ಬೆಳಿಗ್ಗೆಯಿಂದ ಅಲ್ಲೇ ಇದ್ರು. ಪಾಯಸ ಬಡಿಸಿದವಳು ನಾನು. ಅಣ್ಣ ಹೋದರು ಅಂತ ಫೋನು ಬಂದಾಗ ಎಲೆ ಮುಂದೇ ಕೂತಿದ್ರು.”

“ಹಂಗಿದ್ರೆ ಹೇಳೋಕೇನಾಗಿತ್ತು ಅವನಿಗೆ?”

“ನಿಮ್ಮತ್ತೆ ಆಗಿನ್ನೂ ಬದುಕಿದ್ರಲ್ಲ. ಹೊರಗೆ ಒಂದು ಲೋಟ ನೀರೂ ಮುಟ್ಟದೇ ಇದ್ದೋರು. ಅವರ ಮನಸ್ಸು ನೋಯಬಾರದು ಅಂತ ಬೆಳಿಗ್ಗೆ ಆಲೂರು ಅಂತ ಹೇಳಿ ಬಂದ್ರು. ಸಂಜೆ ಹೊತ್ತಿಗೆ ಆ ಸುಳ್ಳು ಗಂಟಲಿಗೆ ಸಿಕ್ಕಿಕೊಂಡಿತು. ಅಣ್ಣ ಸಾಯೋ ಹೊತ್ತಲ್ಲಿ ನಾನು ಮದುವೆ ಊಟ ಉಣ್ತಾ ಕೂತಿದ್ದೆ ಅಂತ ಯಾವ ಬಾಯಲ್ಲಿ ಹೇಳಲಿ ಸಾಹೇಬ್ರೇ ಅಂತ ನಮ್ಮಪ್ಪನ ಮುಂದೆ ಅತ್ತಿದ್ದಾರೆ.”

ಅಫ್ಶಾನ್ ತನ್ನ ಮೊಬೈಲನ್ನು ಆಕೆಯ ಮುಂದೆ ಹಿಡಿದಳು. ಮದುವೆಯ ಚಪ್ಪರದಲ್ಲಿ ಆಯಿಷಾಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ ಶಾಂತಮಲ್ಲಪ್ಪ. ಹಣೆಯಲ್ಲಿ ಅಗಲವಾದ ವಿಭೂತಿ, ಕೊರಳಲ್ಲಿ ಮದುವೆಮನೆಯವರು ಹಾಕಿದ ಮಲ್ಲಿಗೆ ಹಾರ, ಚಿತ್ರದ ಮೂಲೆಯಲ್ಲಿ ಅದೇ ದಿನದ ತಾರೀಖು.

ಪಂಕಜಾಕ್ಷಿ ಬಾಗಿ ನೋಡಿದಳು. ದ್ವೇಷವೆಂಬುದು ಊರುಗೋಲಿನಂತೆ, ಅದನ್ನು ನೆಚ್ಚಿ ನಡೆದವರಿಂದ ಒಮ್ಮೆಲೇ ಕಿತ್ತುಕೊಂಡರೆ ಕಾಲು ನಿಲ್ಲುವುದಿಲ್ಲ. ಆಕೆ ಗೋಡೆಗೆ ಒರಗಿದಳು.

“ಹಂಗಾದ್ರೆ... ‘ಚಿಕ್ಕಪ್ಪಾ’ ಅಂತ ಕೂಗಿದ್ದು?”

“ಅಮ್ಮಾ, ನಮ್ಮ ಮನೇಲಿ ಅಪ್ಪನ ತಮ್ಮ ಚಾಚಾ, ಚಿಕ್ಕಮ್ಮನ ಗಂಡ ಖಾಲೂ. ಇಬ್ಬರಿಗೆ ಎರಡು ಮಾತು. ಕತ್ತಲಲ್ಲಿ ಕೂಗಿದ್ರೂ ಯಾರನ್ನ ಅಂತ ಗೊತ್ತಾಗತ್ತೆ. ನಿಮ್ಮ ಮನೇಲಿ ಹಾಗಲ್ಲ.”

“ಬಿಡಿಸಿ ಹೇಳು,” ಎಂದಳು ಪಂಕಜಾಕ್ಷಿ.

“ನಿಮ್ಮಲ್ಲಿ ಅಪ್ಪನ ತಮ್ಮನೂ ಚಿಕ್ಕಪ್ಪ, ಚಿಕ್ಕಮ್ಮನ ಗಂಡನೂ ಚಿಕ್ಕಪ್ಪ. ಕಣದ ಮೇಲಿನ ದಿಣ್ಣೇಲಿ ಹೋಮ್‌ಸ್ಟೇ ಕಟ್ತೀನಿ ಅಂತ ಯಜಮಾನರ ಹಿಂದೆ ಬಿದ್ದಿದ್ದವರು ಯಾರು? ಅವರು ಒಪ್ಪಲಿಲ್ಲ. ಈಗ ಅಲ್ಲಿ ಪಾಯ ತೋಡಿಸ್ತಿರೋರು ಯಾರು?”

“ಪ್ರತಾಪ.” ಆ ಹೆಸರನ್ನು ಆಕೆ ಉಗುಳಿದಳು. ಮುಖದಿಂದ ಇಳಿದಿದ್ದ ರಕ್ತ ಮರಳಿ ಬಂತು. ಅದರೊಡನೆ ಹಗೆಯೂ ಬಂತು, ಮೊದಲಿಗಿಂತ ಹರಿತವಾಗಿ. “ನನ್ನ ಗಂಡನ್ನ ತಿಂದ ಕೈಗೇ ನನ್ನ ಸೇಡು ಕೊಟ್ನಾ ನಾನು? ನನ್ನ ಮುಂದೆ ಕುಂತು ಅಕ್ಕಾ ಅಕ್ಕಾ ಅಂತ... ಸಿಗಿದು ಹಾಕ್ತೀನಿ ಅವನ್ನ. ಕಣದಲ್ಲೇ ಹಾಕಿ ಉಳ್ಳಿಸ್ತೀನಿ.”

“ಆಮೇಲೆ. ಈಗ ಇನ್ನೊಂದು ಪ್ರಶ್ನೆ ಇದೆ. ಪ್ರತಾಪ್ ಅವರನ್ನ ಚಿಕ್ಕಪ್ಪ ಅಂತ ಕರೆಯೋರು ಎಷ್ಟು ಜನ?”

ಪಂಕಜಾಕ್ಷಿಯ ಕಣ್ಣು ಹಿತ್ತಿಲ ಕೋಣೆಯ ಕಡೆಗೆ ತಿರುಗಿತು.

“ಒಬ್ಬಳೇ,” ಎಂದಳು ತಾಯಿ. “ಮಾನಸ.”

ಒಬ್ಬಳೇ ಮಗಳು. ಅಂದು ರಜೆಗೆಂದು ಮನೆಯಲ್ಲಿದ್ದಳು. ಹಿತ್ತಿಲ ಕೋಣೆಯಲ್ಲಿ ಮಲಗಿದ್ದೆ ಎಂದಿದ್ದಳು. ತಂದೆಯ ಕಾರ್ಯ ಮುಗಿದ ಬಳಿಕ ಆಲೂರಿನಲ್ಲಿ ಉಪನ್ಯಾಸಕಿಯ ಕೆಲಸ ಹಿಡಿದು ಹೋದವಳು, ಮತ್ತೆ ಕಣಕ್ಕೆ ಕಾಲಿಟ್ಟಿರಲಿಲ್ಲ. ಅದು ದುಃಖವೆಂದು ತಾಯಿ ತಿಳಿದಿದ್ದಳು.

“ಅವಳು ನೋಡವ್ಳೆ. ಎಲ್ಲಾ ನೋಡವ್ಳೆ. ನೋಡಿ ನನಗೆ ಯಾಕೆ ಹೇಳ್ಲಿಲ್ಲ?”

ಅಷ್ಟರಲ್ಲಿ ಅಫ್ಶಾನಳ ಫೋನು ರಿಂಗಣಿಸಿತು. ಶಾಂತಮಲ್ಲಪ್ಪ. ಆಕೆ ಇಬ್ಬರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

“ಏನಮ್ಮ ತಾಯಿ, ಪೂಜೆಗೆ ಕುಂತಿದ್ದೆ. ನಿಮ್ಮಪ್ಪ ಹುಷಾರಾಗವ್ರಾ? ಕಾರು ತೆಗೀಬ್ಯಾಡ ಅಂತ ಬರ್ದಿದ್ದೀಯಲ್ಲ, ಏನಾಯ್ತು?”

“ಮನೇಲೇ ಇದ್ದೀರಾ? ದೇವರು ದೊಡ್ಡವನು! ಕಾರು ಮುಟ್ಟಬೇಡಿ. ಬ್ರೇಕು ಕೆಟ್ಟಿದೆ.”

“ಅಯ್ಯೋ, ಕಾರು ಇಲ್ಲಿ ಎಲ್ಲೈತೆ ಮಾರಾಯ್ತಿ?”

ಪಂಕಜಾಕ್ಷಿ ಫೋನನ್ನು ಕಿತ್ತುಕೊಂಡಳು. “ಶಾಂತಮಲ್ಲಪ್ಪ, ನಾನು ಕಣೋ. ಕಾರು ಎಲ್ಲಿ?”

“ಅತ್ತಿಗೆ, ನೀವೂ ಅಲ್ಲೇ ಇದ್ದೀರಾ? ಒಳ್ಳೇದೇ ಆಯ್ತು. ಬಯ್ಯಬ್ಯಾಡಿ. ನೀವು ದೊಡ್ಡ ಮನಸ್ಸು ಮಾಡಿ ಕೊಟ್ರಿ, ಬ್ಯಾಡ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ. ಆದ್ರೆ ಅಣ್ಣನ ಮಗಳು ಇರೋವಾಗ ಅಣ್ಣನ ಕಾರು ನಾನು ಇಟ್ಕಳದು ನ್ಯಾಯ ಅಲ್ಲ. ನಿನ್ನೆ ಮಾನಸನ್ನ ಆಲೂರಿಂದ ಕರೆಸ್ಕಂಡೆ. ಅವಳ ಹೆಸರಿಗೇ ಮಾಡ್ಸುಬುಡಾನ ಅಂತ ಸಹಿ ಹಾಕಿ ಕೊಟ್ಟೆ. ಪಾಪ, ಮೊದ್ಲು ಒಲ್ಲೆ ಅಂದ್ಲು. ಆಮೇಲೆ ಸ್ಟೇರಿಂಗ್ ಹಿಡ್ಕಂಡು ಮಗು ಥರ ಅತ್ಬುಟ್ಲು.”

“ಎಲ್ಲಿ ಅವಳು?”

“ನೀವೇ ಹೇಳಿದ್ರಲ್ಲ, ಹೆಸರು ಬದಲಾದ ಗಾಡಿ ಸುಬ್ರಹ್ಮಣ್ಯಕ್ಕೆ ಹೋಗ್ಬೇಕು ಅಂತ. ಹೆಸರು ಅವಳದು ಅಂದ್ಮ್ಯಾಲೆ ಪೂಜೆನೂ ಅವಳೇ ಮಾಡಿಸ್ಲಿ ಅಂದೆ. ನಸುಕಲ್ಲೇ ಹೊರಟ್ಲು. ಒಬ್ಳೇ ಹೋಗ್ತಾಳಲ್ಲ ಅಂತ ಯೋಚ್ನೆ ಆಗಿತ್ತು. ಹೊರಡೋ ಹೊತ್ತಿಗೆ ಸರ್ಯಾಗಿ ಪ್ರತಾಪ ಬಂದ. ಕಾರಲ್ಲೇ ಹೋಗೋ ಮಾರಾಯ ಅಂದ್ರೆ ಕೇಳ್ಲಿಲ್ಲ. ‘ನೀವು ಪೂಜೆಗೆ ಕುಂತ್ಕಳಿ, ನಾನು ಹಿಂದೆ ಬೈಕಲ್ಲಿ ನೋಡ್ಕಂಡು ಹೋಗ್ತೀನಿ’ ಅಂದ. ವಿಮೆಯೋರು ಷೆಡ್ಡು ನೋಡಕ್ಕೆ ಬರ್ತಾರೆ, ಆಮೇಲೆ ತೋಟಕ್ಕೂ ಹೋಗ್ಬೇಕು ಅಂತಿದ್ದ. ಒಳ್ಳೇ ಹುಡುಗ.”

ಫೋನು ಪಂಕಜಾಕ್ಷಿಯ ಕೈಯಿಂದ ಜಾರಿ ಮೊರದೊಳಗೆ ಬಿತ್ತು. ಹಸಿರು ಕಾಳುಗಳ ನಡುವೆ ಮೈದುನನ ದನಿ “ಅತ್ತಿಗೆ, ಅತ್ತಿಗೆ” ಎನ್ನುತ್ತಲೇ ಇತ್ತು.

ಪ್ರತಾಪನಿಗೆ ಬ್ರೇಕಿನ ಸಂಗತಿ ತಿಳಿದಿತ್ತು. ಅಂದು ಕಿರುಚಿದವಳು ಯಾರೆಂಬುದೂ ತಿಳಿದಿತ್ತು. ತಾಯಿ ಹೆಣೆದ ಸೇಡಿನ ಬಲೆಯೊಳಗೆ ಸಾಕ್ಷಿ ತಾನಾಗಿಯೇ ಬಂದು ಕೂತಾಗ ಆತ ತುಟಿ ಪಿಟಕ್ಕೆನ್ನದೆ ಬಾಗಿಲು ಹಾಕಿದ್ದ.

“ನಂಜೀ!” ಪಂಕಜಾಕ್ಷಿ ಜಗಲಿಯ ಅಂಚಿಗೆ ಓಡಿ ಕೂಗಿದಳು. “ರಸ್ತೇಲಿ ನಮ್ಮ ಕಾರು ಹೋದದ್ದು ನೋಡಿದ್ಯೇನೇ?”

“ಆಗ್ಲೇ ಬಿಸಿಲೆ ಕಡೀಕೆ ಹೋಯ್ತಲ್ಲವ್ವ! ಸಣ್ಣ ಸಾವ್ಕಾರ್ರು ಅನ್ಕಂಡೆ. ಹಾರನ್ ಹೊಡೀಲೇ ಇಲ್ಲ, ನಿಲ್ಲಿಸ್ಲೂ ಇಲ್ಲ.”

“ನಾನು ನನ್ನ ಕಾರು ತೆಗೀತೀನಿ. ನೀವು ಮಾನಸಾಗೆ ಫೋನು ಮಾಡ್ತಾ ಇರಿ. ಸಿಗ್ನಲ್ ಇದ್ದಷ್ಟು ಹೊತ್ತು ಬಿಡಬೇಡಿ. ಎಲ್ಲಿದ್ರೂ ಅಲ್ಲೇ ನಿಲ್ಲಲಿ,” ಎಂದು ಅಫ್ಶಾನ್ ಮೆಟ್ಟಿಲಿಳಿದಳು.

ಪಂಕಜಾಕ್ಷಿ ಸೆರಗಿನಲ್ಲಿ ಕೈ ಒರೆಸಿಕೊಂಡು ತನ್ನ ಫೋನನ್ನು ತೆಗೆದಳು. ಮೆಣಸಿನ ರಸ ಹತ್ತಿದ ಬೆರಳಿಗೆ ಹೆಸರು ಸಿಗಲಿಲ್ಲ. ಮತ್ತೆ ಒರೆಸಿ, ಮತ್ತೆ ಒತ್ತಿದಳು. ಎರಡು ವರ್ಷ ಸಾವನ್ನು ಬೇಡಿದ್ದ ತುಟಿಗಳು ಈಗ ಒಂದೇ ಮಾತನ್ನು ಜಪಿಸುತ್ತಿದ್ದವು. ಎತ್ತು ಮಗಳೇ, ಎತ್ತು.

ಆ ಕಡೆ ಫೋನು ರಿಂಗಣಿಸತೊಡಗಿತು. ಸಿಗ್ನಲ್ ಇತ್ತು!

“ಹೋಗ್ತಾ ಐತೆ ಅಫ್ಶಾನ್, ರಿಂಗ್ ಹೋಗ್ತಾ ಐತೆ!”

ಆದರೆ ಅಫ್ಶಾನ್ ಕಾರಿನ ಬಾಗಿಲು ತೆರೆದವಳು ಹಾಗೆಯೇ ನಿಂತುಬಿಟ್ಟಿದ್ದಳು. ಆಕೆ ತೋಟದ ಗೇಟಿನ ಕಡೆಗೆ ನೋಡುತ್ತಿದ್ದಳು.

ಅಲ್ಲಿ ಬೈಕನ್ನು ದಾರಿಗಡ್ಡವಾಗಿ ನಿಲ್ಲಿಸಿ, ಗೇಟಿನ ಸರಪಳಿಯನ್ನು ನಿಧಾನವಾಗಿ ಒಳಗಿನಿಂದ ಬಿಗಿಯುತ್ತಿದ್ದ ಪ್ರತಾಪ. ಬೀಗವನ್ನು ಅದುಮಿದ ಮೇಲೆ ತಿರುಗಿ, ಅಂಗಳದಲ್ಲಿದ್ದವರನ್ನೆಲ್ಲ ನೋಡಿ, ಹಬ್ಬಕ್ಕೆ ಬಂದ ನೆಂಟನಂತೆ ಮುಗುಳ್ನಕ್ಕ.

ಮಾನಸಳ ಫೋನು ಆತನ ಅಂಗಿಯ ಜೇಬಿನಲ್ಲಿ ರಿಂಗಣಿಸುತ್ತಿತ್ತು.